ಮಡಕೆಯಿಂದ ಕೊಪ್ಪರಿಗೆಗೆ

ಕಳೆದ ಮೇ ತಿಂಗಳಿನಲ್ಲಿ ನಮ್ಮ ಬಳಗದ ಒಂದು ಸಮಾರಂಭಕ್ಕೆ ಇನ್ನೂರು ಮಂದಿಯ ಉಪಾಹಾರಕ್ಕಾಗಿ ದೋಸೆಹಿಟ್ಟು ಸಿದ್ಧಪಡಿಸುವ ಹೊಣೆಯನ್ನು ನಾವು ಹೊತ್ತುಕೊಂಡೆವು. ಬೇಡವೆಂದು ಮನೆಯಾಕೆ ಹೇಳಿದ್ದುಂಟು. ಆದರೆ ನಾವು ಬಿ.ಎಸ್ಸಿ. ಓದಿದವರು, ಕಚೇರಿಯಲ್ಲಿ ದಿನವೂ ಲೆಕ್ಕದ ಕಾಗದಗಳನ್ನು ನೋಡುವವರು. ನಾಲ್ವರಿಗೆ ಇಷ್ಟು ಅಕ್ಕಿ, ಇಷ್ಟು ಉದ್ದು ಎಂದಮೇಲೆ ಇನ್ನೂರು ಮಂದಿಗೆ ಐವತ್ತರಿಂದ ಗುಣಿಸಿದರಾಯಿತು ಎಂದೆವು. ಓಲ್ಡ್ ರಾಜಿಂದರ್ ನಗರದ ನಮ್ಮ ಎರಡು ಕೋಣೆಯ ಬಾಡಿಗೆ ಮನೆಗೆ ಒಂದು ದೊಡ್ಡ ಪ್ಲಾಸ್ಟಿಕ್ ಡ್ರಮ್ಮು ಬಂತು. ಗ್ರೈಂಡರಿನಿಂದ ಬಿಸಿಯಾಗಿಯೇ ಬಂದ ಹಿಟ್ಟನ್ನೆಲ್ಲ ಅದರಲ್ಲಿ ತುಂಬಿ, ಮುಚ್ಚಿ, ನಿಶ್ಚಿಂತೆಯಿಂದ ಮಲಗಿದೆವು.

ಬೆಳಗಿನ ಜಾವ ಎದ್ದು ನೋಡಿದರೆ ಹಿಟ್ಟು ಉಕ್ಕಿ ನೆಲಕ್ಕೆಲ್ಲ ಹರಿದಿದೆ. ಉಳಿದದ್ದು ಮೂಗು ಮುಚ್ಚಿಕೊಳ್ಳುವಷ್ಟು ಹುಳಿ. ಡ್ರಮ್ಮಿನ ನಡುವೆ ಕೈಯಿಟ್ಟರೆ ಇನ್ನೂ ಬೆಚ್ಚಗಿದೆ. ಅಂದು ಬಳಗದವರಿಗೆ ಉಪ್ಪಿಟ್ಟು ಮಾಡಿಸಿ ಮಾನ ಉಳಿಸಿಕೊಂಡೆವು. ಹುಳಿಯಾದ ಹಿಟ್ಟನ್ನು ಏನು ಮಾಡುವುದು? "ಈರುಳ್ಳಿ, ಮೆಣಸಿನಕಾಯಿ ಹಾಕಿ ಹೊಯ್ದರೆ ಶಾಮಿಯಾನದ ಆಳುಗಳು ತಿಂದಾರು" ಎಂದೆವು. ಅವರು ತಿಂದರು. ಏನೂ ಆಗಲಿಲ್ಲ, ಯಾರೂ ಏನೂ ಅನ್ನಲಿಲ್ಲ. ಈ ಸಂಗತಿಯನ್ನು ಓದುಗರು ದಯಮಾಡಿ ನೆನಪಿನಲ್ಲಿಡಬೇಕು. ಇದಕ್ಕೆ ಮತ್ತೆ ಬರುವವರಿದ್ದೇವೆ.

ಅಂದು ಸಂಜೆ ಡ್ರಮ್ಮು ತೊಳೆಯಲು ಕೈಹಾಕಿದವನು ದಾವಣಗೆರೆಯಲ್ಲಿರುವ ನಮ್ಮ ದೊಡ್ಡಪ್ಪನ ಮಗನ ಹುಡುಗ. ದೊಡ್ಡ ಪರೀಕ್ಷೆಗೆ ಓದಲೆಂದು ಬಂದು ನಮ್ಮ ಬಡಾವಣೆಯಲ್ಲೇ ಮೂವರು ಗೆಳೆಯರೊಡನೆ ಕೋಣೆ ಮಾಡಿಕೊಂಡಿದ್ದಾನೆ. ತೊಳೆಯುತ್ತಾ ಕೇಳಿದ: "ಚಿಕ್ಕಪ್ಪ, ಐದು ಲೀಟರಿಗೆ ಸರಿಹೋದ ಲೆಕ್ಕ ಐವತ್ತು ಲೀಟರಿಗೆ ಯಾಕೆ ಸರಿಹೋಗಲ್ಲ?" ದೋಸೆಹಿಟ್ಟಿನ ಮಾತೆಂದುಕೊಂಡು ಉತ್ಸಾಹದಿಂದ ವಿವರಿಸತೊಡಗಿದೆವು. ಸ್ವಲ್ಪ ಹೊತ್ತಿಗೆ ನಿಜ ಹೊರಬಿತ್ತು. ಹುಡುಗರು ಫೋನಿನಲ್ಲಿ ನೋಡಿ ಬೆಲ್ಲದ ನೀರನ್ನು ಕ್ಯಾನಿನಲ್ಲಿ ಹುದುಗು ಹಾಕಿದ್ದಾರೆ! ಭಟ್ಟಿ ಇಳಿಸುವ ಆಲೋಚನೆಯೂ ಇದೆ. ಪರೀಕ್ಷೆ ಮುಗಿದಮೇಲೆ ಪಕ್ಕದ ಕೋಣೆಗಳವರಿಗೂ ಹಂಚಬೇಕು, ಖರ್ಚಿಗೆ ನಾಲ್ಕು ಕಾಸು ಬಂದರೆ ಬರಲಿ ಎಂಬ ಲೆಕ್ಕಾಚಾರವೂ ಇದೆ.

ದಿಲ್ಲಿಯಲ್ಲಿ 2009ರ ಅಬಕಾರಿ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಇದನ್ನು ಮಾಡುವುದು ಅಪರಾಧ. ಅಧಿಕಾರಿಯಾಗಲು ಬಂದವನು ಆರೋಪಿಯಾಗಬೇಡ ಎಂದು ಗದರಿಸಿದೆವು. ಆದರೆ ಗದರಿಕೆ ಉತ್ತರವಲ್ಲ. ಅವನ ಪ್ರಶ್ನೆ ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುತ್ತ ಹೋದಾಗ ಅದು ರಸಾಯನಶಾಸ್ತ್ರದ ಪುಸ್ತಕದಲ್ಲಿ ಅರ್ಧ, ಚರಿತ್ರೆಯ ಪುಸ್ತಕದಲ್ಲಿ ಅರ್ಧ ಸಿಕ್ಕಿತು. ಅದನ್ನೇ ಇಲ್ಲಿ ಬರೆದಿದ್ದೇವೆ. ಮಡಿವಂತ ಓದುಗರು ವಿಷಯಕ್ಕಾಗಿ ಮುನಿಯಬಾರದು.

ಮೊದಲು ರಸಾಯನಶಾಸ್ತ್ರದ ಅರ್ಧ. ಹತ್ತು ಸೆಂಟಿಮೀಟರ್ ಅಂಚಿನ ಚೌಕದ ಡಬ್ಬಿಯಲ್ಲಿ ಒಂದು ಲೀಟರ್ ಹಿಡಿಯುತ್ತದೆ. ಅದರ ಮೈ 600 ಚದರ ಸೆಂಟಿಮೀಟರ್. ಅಂಚನ್ನು ಒಂದು ಮೀಟರಿಗೆ ಏರಿಸಿದರೆ ಸಾವಿರ ಲೀಟರ್ ಹಿಡಿಯುತ್ತದೆ, ಆದರೆ ಮೈ 60,000 ಚದರ ಸೆಂಟಿಮೀಟರ್ ಮಾತ್ರ. ಒಳಗಿನದು ಸಾವಿರ ಪಟ್ಟಾಯಿತು, ಮೈ ನೂರು ಪಟ್ಟಷ್ಟೇ ಆಯಿತು. ಲೀಟರಿಗೆ 600 ಇದ್ದದ್ದು 60ಕ್ಕೆ ಇಳಿಯಿತು. ಶಾಖ ಹೊರಹೋಗುವುದು ಮೈಯಿಂದಲೇ. ಸಕ್ಕರೆ ಹುದುಗಿ ಮದ್ಯಸಾರವಾಗುವಾಗ ಇಂಗಾಲದ ಡೈ ಆಕ್ಸೈಡಿನ ಜೊತೆಗೆ ಶಾಖವೂ ಹುಟ್ಟುತ್ತದೆ. ಸಣ್ಣ ಮಡಕೆಯಲ್ಲಿ ಅದು ಗಾಳಿಗೆ ಹೋಗಿಬಿಡುತ್ತದೆ, ಕೊಪ್ಪರಿಗೆಯಲ್ಲಿ ಒಳಗೇ ನಿಲ್ಲುತ್ತದೆ. ಶಾಖ ಹೆಚ್ಚಿದಂತೆ ಯೀಸ್ಟ್ ಸೊರಗುತ್ತದೆ, ಸೆಕೆಯನ್ನು ಮೆಚ್ಚುವ ಹುಳಿಯ ಬ್ಯಾಕ್ಟೀರಿಯಾ ಮೆರೆಯುತ್ತವೆ. ದೋಸೆಹಿಟ್ಟನ್ನು ಉಬ್ಬಿಸುವುದೂ ಬಹುಪಾಲು ಅಂಥ ಬ್ಯಾಕ್ಟೀರಿಯಾಗಳೇ. ಬಿಸಿಯಾಗಿ ತುಂಬಿದ ನಮ್ಮ ಡ್ರಮ್ಮು ದಿಲ್ಲಿಯ ಮೇ ತಿಂಗಳ ರಾತ್ರಿಯಲ್ಲಿ ಆರಲೇ ಇಲ್ಲ. ಮನೆಯಾಕೆ ಹೇಳಿದಂತೆ ಹತ್ತು ಪಾತ್ರೆಗಳಿಗೆ ಹಂಚಿದ್ದರೆ ಆರುತ್ತಿತ್ತು.

ಇದನ್ನು ನಮ್ಮ ಮನೆಯ ಮಾಲೀಕರಿಗೆ ಹೇಳಿದಾಗ ಅವರು ಬಹಳ ನಕ್ಕರು. ವಯಸ್ಸು ಎಂಬತ್ತು ದಾಟಿದ ಹಿರಿಯರು. ದೇಶವಿಭಜನೆಯಾದಾಗ ತಾಯಿಯ ಕಂಕುಳಲ್ಲಿ ಲಾಯಲ್‌ಪುರದ ಕಡೆಯಿಂದ ಬಂದವರು. ನಮ್ಮ ಬಡಾವಣೆಯೇ ಹೀಗೆ ಪಶ್ಚಿಮ ಪಂಜಾಬಿನಿಂದ ಬಂದ ನಿರಾಶ್ರಿತರಿಗಾಗಿ ಎದ್ದದ್ದು. ಅವರ ತಂದೆ ಹೇಳುತ್ತಿದ್ದರಂತೆ: ಊರಿನಲ್ಲಿ ಮದುವೆ ಬಂತೆಂದರೆ ಬೆಲ್ಲದ ನೀರಿನ ಮಡಕೆಯನ್ನು ತಿಪ್ಪೆಯಲ್ಲಿ ಹೂಳುತ್ತಿದ್ದರು. ಪಂಜಾಬಿಯಲ್ಲಿ ತಿಪ್ಪೆಗೆ 'ರೂಡಿ'. ಆದ್ದರಿಂದ ಆ ಸರಕಿಗೆ 'ರೂಡಿ ಮಾರ್ಕಾ' ಎಂದು ತಮಾಷೆಯ ಹೆಸರು. ಪೋಲೀಸರ ಕಣ್ಣಿಗೆ ಮರೆಯೂ ಆಯಿತು, ಪಂಜಾಬಿನ ಚಳಿಯಲ್ಲಿ ಗೊಬ್ಬರದ ಕಾವೂ ಆಯಿತು. ಸಣ್ಣ ಮಡಕೆಗೆ ಹೊರಗಿನಿಂದ ಬಿಸಿ ಬೇಕು, ದೊಡ್ಡ ಕೊಪ್ಪರಿಗೆಗೆ ಹೊರಗಿನಿಂದ ತಂಪು ಬೇಕು. ಗುಣಿಸಿದರೆ ಸಾಕೇ ಎಂಬ ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ಇಷ್ಟರಲ್ಲೇ ಇದೆ.

ಇನ್ನು ಚರಿತ್ರೆಯ ಅರ್ಧ. ಇದನ್ನು ನಮ್ಮ ಮೈಸೂರಿನಿಂದಲೇ ಪ್ರಾರಂಭಿಸಬಹುದು. 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗ್ರಂಥವನ್ನು ಗುರುತಿಸಿದರು, 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಅದರ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷ ಎಂಬ ಅಧಿಕಾರಿಯ ಪ್ರಕರಣವಿದೆ. ಇಂದಿನ ಭಾಷೆಯಲ್ಲಿ ಅಬಕಾರಿ ಕಮಿಷನರ್! ಅಲ್ಲಿರುವುದು ಹುದುಗಿಸಿದ ಪಾನೀಯಗಳ ಮಾತು. ಹುದುಗೆಬ್ಬಿಸುವ ವಸ್ತುವಿಗೆ ಕೌಟಿಲ್ಯ ಕೊಡುವ ಹೆಸರು 'ಕಿಣ್ವ'. ಒಂದು ದ್ರೋಣದಷ್ಟು ರುಬ್ಬಿದ ಉದ್ದು, ಹಸಿಯಾಗಿಯೋ ಬೇಯಿಸಿಯೋ. ಅದಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚಾಗಿ ಅಕ್ಕಿ. ಜೊತೆಗೆ ಕೆಲವು ಮೂಲಿಕೆಗಳು. ಉದ್ದು ಮತ್ತು ಅಕ್ಕಿ! ನಮ್ಮ ಅಡಿಗೆಮನೆಯ ರುಬ್ಬುಗುಂಡಿಗೆ ಇದಕ್ಕಿಂತ ಹಳೆಯ ನೆಂಟಸ್ತಿಕೆ ಬೇಕೆ? ಎನ್‌ಜೈಮಿಗೆ ಕನ್ನಡದ ಪಠ್ಯಪುಸ್ತಕಗಳು 'ಕಿಣ್ವ' ಎಂಬ ಇದೇ ಪದವನ್ನು ಬಳಸುತ್ತವೆ.

ಕೌಟಿಲ್ಯನ ಅಳತೆಗಳನ್ನು ಲೆಕ್ಕ ಹಾಕಿ ನೋಡಿದೆವು. ಒಂದು ದ್ರೋಣಕ್ಕೆ ನಾಲ್ಕು ಆಢಕ, ಒಂದು ಆಢಕಕ್ಕೆ ನಾಲ್ಕು ಪ್ರಸ್ಥ. 'ಮೇದಕ' ಎಂಬ ಪಾನೀಯಕ್ಕೆ ಎರಡು ಪ್ರಸ್ಥ ಅಕ್ಕಿ, ಮೂರು ಪ್ರಸ್ಥ ಕಿಣ್ವ. 'ಪ್ರಸನ್ನಾ' ಎಂಬುದಕ್ಕೆ ಹನ್ನೆರಡು ಆಢಕ, ಅಂದರೆ ನಲವತ್ತೆಂಟು ಪ್ರಸ್ಥ ಹಿಟ್ಟು; ಕಿಣ್ವ ಐದೇ ಪ್ರಸ್ಥ. ಇವು ಬೇರೆ ಬೇರೆ ಪಾನೀಯಗಳು ಹೌದು. ಆದರೂ ಒಂದೊಂದು ಬಗೆಗೆ ಒಂದೊಂದು ಲೆಕ್ಕವಿತ್ತು, ಒಂದೇ ಗುಣಾಕಾರ ಎಲ್ಲಕ್ಕೂ ಸಲ್ಲುತ್ತಿರಲಿಲ್ಲ ಎಂಬುದು ಸ್ಪಷ್ಟ.

ಅದಕ್ಕಿಂತ ಮುಖ್ಯವಾದದ್ದು ಕೌಟಿಲ್ಯ ಎಳೆದ ಗೆರೆ. ಮದ್ಯದ ವ್ಯಾಪಾರವೆಲ್ಲ ರಾಜ್ಯದ ಹತೋಟಿಯಲ್ಲಿ. ಆದರೆ ಕುಟುಂಬಸ್ಥರು ಮಂಗಳ ಕಾರ್ಯಗಳಿಗೆ ಬಿಳಿಯ ಸುರೆಯನ್ನೂ ಔಷಧಕ್ಕೆ ಅರಿಷ್ಟವನ್ನೂ ಮನೆಯಲ್ಲಿ ಮಾಡಿಕೊಳ್ಳಬಹುದು. ಉತ್ಸವ, ಜಾತ್ರೆಗಳಿಗೆ ನಾಲ್ಕು ದಿನದ ಅಪ್ಪಣೆ ಉಂಟು. ಮನೆಯ ಮಡಕೆಗೆ ರಿಯಾಯಿತಿ, ಮಾರುವ ಕೊಪ್ಪರಿಗೆಗೆ ಕಾವಲು. ಆದರೆ ಅದೇ ಪ್ರಕರಣದಲ್ಲಿ ಇನ್ನೊಂದು ವಾಕ್ಯವಿದೆ. ಕೆಟ್ಟುಹೋದ ಸುರೆಯನ್ನು ಏನು ಮಾಡಬೇಕು? ದಾಸರಿಗೂ ಕೂಲಿಯಾಳುಗಳಿಗೂ ಸಂಬಳವಾಗಿ ಕೊಡಬಹುದು. ಇಲ್ಲವೇ ಗಾಡಿ ಎಳೆಯುವ ಪ್ರಾಣಿಗಳಿಗೆ ಕುಡಿಸಬಹುದು, ಹಂದಿಗಳಿಗೆ ಹಾಕಬಹುದು. ಇದನ್ನು ಓದಿದಾಗ ನಮಗೆ ಶಾಮಿಯಾನದ ಆಳುಗಳ ನೆನಪಾಯಿತು. ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು.

ಈಗ ದಿಲ್ಲಿಗೆ ಬರೋಣ. ಅಲಾವುದ್ದೀನ್ ಖಿಲ್ಜಿಯ ಆಳ್ವಿಕೆ 1296ರಿಂದ 1316ರವರೆಗೆ. ಪಾನಗೋಷ್ಠಿಗಳಲ್ಲಿ ಪಿತೂರಿ ಹುಟ್ಟುತ್ತದೆಂದು ಹಿತೈಷಿಗಳು ಹೇಳಿದಮೇಲೆ ಅವನು ಮದ್ಯವನ್ನು ನಿಷೇಧಿಸಿದ ಕಥೆಯನ್ನು ಜಿಯಾವುದ್ದೀನ್ ಬರನಿ 1357ರಲ್ಲಿ ಬರೆದ ಚರಿತ್ರೆಯಲ್ಲಿ ಹೇಳಿದ್ದಾನೆ. ಅರಮನೆಯ ಮದ್ಯದ ಹರವಿಗಳನ್ನೇ ಬದಾಯೂಂ ಬಾಗಿಲಿಗೆ ತಂದು ಸುರಿಸಿದಾಗ ಮಳೆಗಾಲದಂತೆ ಕೆಸರಾಯಿತಂತೆ. ಜನ ಬಿಟ್ಟರೇ? ಹುಲ್ಲಿನ ಹೊರೆಯಲ್ಲಿ, ಸೌದೆಯ ಹೊರೆಯಲ್ಲಿ, ತೊಗಲಿನ ಚೀಲದಲ್ಲಿ ಊರೊಳಕ್ಕೆ ತಂದರು. ಮನೆಗಳಲ್ಲಿ ಕದ್ದು ಭಟ್ಟಿ ಇಳಿಸಿದರು. ಸಿಕ್ಕಿಬಿದ್ದವರನ್ನು ಬಾಗಿಲ ಬಳಿ ತೋಡಿಸಿದ ಹಾಳುಬಾವಿಯಂಥ ಸೆರೆಗೆ ತಳ್ಳಿದರು. ಅಲ್ಲಿ ಎಷ್ಟೋ ಮಂದಿ ಸತ್ತರು. ಕೊನೆಗೆ ಸುಲ್ತಾನನೇ ಆಜ್ಞೆಯನ್ನು ಸಡಿಲಿಸಿದ: ಯಾರಾದರೂ ತನ್ನ ಮನೆಯಲ್ಲೇ ಇಳಿಸಿ, ತನ್ನ ಮನೆಯಲ್ಲೇ ಕುಡಿದು, ಗೋಷ್ಠಿ ಸೇರಿಸದೆ, ಮಾರದೆ ಇದ್ದರೆ ಗೂಢಚಾರರು ಅವನ ಗೊಡವೆಗೆ ಹೋಗಬಾರದು. ಅಷ್ಟು ಕಠಿಣ ಸುಲ್ತಾನನೂ ಕೊನೆಗೆ ಬಂದು ನಿಂತದ್ದು ಕೌಟಿಲ್ಯನ ಗೆರೆಯ ಮೇಲೆಯೇ!

ಅಕ್ಬರನ ಕಾಲದ ಐನ್-ಇ-ಅಕ್ಬರಿಯಲ್ಲಿ ಅಬುಲ್ ಫಜಲ್ ಭಟ್ಟಿಯ ಕ್ರಮವನ್ನೇ ಬರೆದಿಟ್ಟಿದ್ದಾನೆ. ಜಜ್ಜಿದ ಕಬ್ಬು ಇಲ್ಲವೇ ಬೆಲ್ಲ, ಜಾಲಿಯ ತೊಗಟೆ, ನೀರು. ಹರವಿಗಳನ್ನು ನೆಲದಲ್ಲಿ ಹೂಳಿ ಸುತ್ತ ಒಣಗಿದ ಕುದುರೆ ಲದ್ದಿ ತುಂಬುವುದು. ಹುದುಗು ಬರಲು ಏಳರಿಂದ ಹತ್ತು ದಿನ. ನಮ್ಮ ಮಾಲೀಕರ ತಂದೆಯವರ ತಿಪ್ಪೆಗೂ ಬಾದಶಾಹನ ಲದ್ದಿಗೂ ಮುನ್ನೂರು ವರ್ಷಕ್ಕೂ ಮೀರಿದ ಅಂತರ, ಉಪಾಯ ಮಾತ್ರ ಒಂದೇ. ಆ ತೊಗಟೆಯ ಗುಟ್ಟೂ ಸ್ವಾರಸ್ಯದ್ದು. ದಕ್ಷಿಣದಲ್ಲಿ ಬಿಳಿಜಾಲಿಯ ತೊಗಟೆಯನ್ನು ಹೀಗೆಯೇ ಬಳಸುತ್ತಿದ್ದರು. ಅದರ ಒಗರು ಬೇಡದ ಬ್ಯಾಕ್ಟೀರಿಯಾಗಳನ್ನು ಅಷ್ಟಿಷ್ಟು ತಡೆಯುತ್ತದೆ. ಯಾಕೆಂದು ತಿಳಿಯದೆಯೇ ನಮ್ಮ ಹಿರಿಯರು ಮದ್ದು ಕಂಡುಕೊಂಡಿದ್ದರು. ಇನ್ನು ಅಕ್ಬರನ ಮಗ ಜಹಾಂಗೀರ್ ಪಟ್ಟಕ್ಕೆ ಬಂದ 1605ರಲ್ಲೇ ಮದ್ಯ ಮಾಡಬಾರದು, ಮಾರಬಾರದು ಎಂದು ಆಜ್ಞೆ ಹೊರಡಿಸಿ, ತಾನು ಮಾತ್ರ ಕುಡಿಯುವುದುಂಟೆಂದು ತನ್ನ ಆತ್ಮಕಥೆಯಲ್ಲಿ ಪ್ರಾಮಾಣಿಕವಾಗಿ ಒಪ್ಪಿಕೊಂಡ ಪುಣ್ಯಾತ್ಮ.

ನಮ್ಮ ನಾಡಿನಲ್ಲಿ ಹೆಂಡ ಮಾರುವುದು ಒಂದು ಕಾಯಕವಾಗಿತ್ತು. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೆಂಬ ವಚನಕಾರನೇ ಇದ್ದಾನೆ. ಈಚಲು, ತೆಂಗು, ಬಗನಿ ಮರಗಳಿಂದ ಇಳಿಸಿದ್ದು ಆ ಊರಿನಲ್ಲೇ ಮುಗಿಯುತ್ತಿತ್ತು. ಮರುದಿನಕ್ಕೆ ಹುಳಿಯಾಗುವ ಹೆಂಡವನ್ನು ದೂರದೂರಿಗೆ ಕಳುಹಿಸುವಂತಿರಲಿಲ್ಲ. ಮಾರುವವನ ಮುಖ ಕುಡಿಯುವವನಿಗೆ ಗೊತ್ತು, ಕುಡಿಯುವವನ ಮನೆ ಮಾರುವವನಿಗೆ ಗೊತ್ತು.

ಈ ಗುರುತು ಅಳಿಯಲಾರಂಭಿಸಿದ್ದು ಬ್ರಿಟಿಷರ ಕಾಲದಲ್ಲಿ. ಬಂಗಾಳದಲ್ಲಿ 'ಔಟ್‌ಸ್ಟಿಲ್' ಎಂಬ ಪದ್ಧತಿಯಿತ್ತು. ಭಟ್ಟಿಯ ಗುತ್ತಿಗೆ ಹಣವನ್ನು ಕಟ್ಟಿಬಿಟ್ಟರೆ ಅದರಿಂದ ಎಷ್ಟು ಇಳಿಸಿದರೂ ಗುತ್ತಿಗೆದಾರನದೇ. ಸಹಜವಾಗಿಯೇ ಇಳಿಸುವುದೂ ಕುಡಿಯುವುದೂ ಹೆಚ್ಚಿ, 1883-84ರಲ್ಲಿ ಸರಕಾರ ಒಂದು ಆಯೋಗವನ್ನೇ ನೇಮಿಸಬೇಕಾಯಿತು. ಇನ್ನೊಂದು ಪದ್ಧತಿ ಕೇಂದ್ರ ಭಟ್ಟಿಯದು. 1878ರ ಬೊಂಬಾಯಿ ಅಬಕಾರಿ ಕಾಯಿದೆ ಇದಕ್ಕೆ ದಾರಿ ಮಾಡಿತು. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಆಗ ಬೊಂಬಾಯಿ ಪ್ರಾಂತದಲ್ಲಿದ್ದವು. ಮನೆಯ ಭಟ್ಟಿ ಕಳ್ಳಭಟ್ಟಿಯಾಯಿತು. 1892ರಲ್ಲಿ ಇಪ್ಪೆಹೂವಿಗೂ ಅಲ್ಲಿ ಬೇರೆ ಕಾಯಿದೆ ಬಂತು. ಕೌಟಿಲ್ಯನೂ ಖಿಲ್ಜಿಯೂ ಬಿಟ್ಟಿದ್ದ ಮನೆಯ ಮಡಕೆಯನ್ನು ಹೊಸ ಸರಕಾರ ಬಿಡಲಿಲ್ಲ. ಕಾರಣ ನೀತಿಗಿಂತ ಬೊಕ್ಕಸವೆಂದು ಜನಕ್ಕೆ ತಿಳಿದಿತ್ತು. ಮೈಸೂರು ಸಂಸ್ಥಾನದ ಆದಾಯದಲ್ಲಿಯೂ ಅಬಕಾರಿಯದು ದೊಡ್ಡ ಪಾಲೇ. ಆದುದರಿಂದಲೇ 1939ರಲ್ಲಿ ಚಿತ್ರದುರ್ಗದ ಹತ್ತಿರದ ತುರುವನೂರಿನಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳುತನದಲ್ಲಿ ಜನ ಈಚಲ ಮರಗಳನ್ನು ಕಡಿದು ಸತ್ಯಾಗ್ರಹ ಮಾಡಿದರು. ಮುಂದೆ ಅದೇ ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದಾಗ, 1967ರಲ್ಲಿ, ಮೈಸೂರು ರಾಜ್ಯದಲ್ಲಿ ಪಾನನಿರೋಧ ತೆರವಾಯಿತು. ಚರಿತ್ರೆಗೆ ಇಂಥ ತಿರುವುಗಳು ಹೊಸತಲ್ಲ.

ದೊಡ್ಡ ಕೊಪ್ಪರಿಗೆಯ ವಿಜ್ಞಾನ ತಿಳಿದದ್ದು ಯೂರೋಪಿನಲ್ಲಿ. 1856ರಲ್ಲಿ ಫ್ರಾನ್ಸಿನ ಲೀಲ್ ನಗರದಲ್ಲಿ ಬಿಗೋ ಎಂಬ ಕಾರ್ಖಾನೆದಾರ ಬೀಟ್‌ರೂಟಿನಿಂದ ಮದ್ಯಸಾರ ತೆಗೆಯುತ್ತಿದ್ದ. ಅವನ ಕೆಲವು ತೊಟ್ಟಿಗಳು ಇದ್ದಕ್ಕಿದ್ದಂತೆ ಹುಳಿಯಾಗತೊಡಗಿದವು. ನಮ್ಮ ಡ್ರಮ್ಮಿನ ಪಾಡೇ! ಅವನು ಅಲ್ಲಿನ ಪ್ರಾಧ್ಯಾಪಕ ಲೂಯಿ ಪಾಶ್ಚರನ ಬಳಿಗೆ ಹೋದ. ಪಾಶ್ಚರ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಒಳ್ಳೆಯ ತೊಟ್ಟಿಯಲ್ಲಿ ದುಂಡುಕಣಗಳು, ಕೆಟ್ಟ ತೊಟ್ಟಿಯಲ್ಲಿ ಕಡ್ಡಿಯಂಥವು. ಹುದುಗುವಿಕೆ ಜೀವಿಗಳ ಕೆಲಸ, ಬೇರೆ ಬೇರೆ ಜೀವಿಯದು ಬೇರೆ ಬೇರೆ ಫಲ ಎಂಬ ಅರಿವಿಗೆ ಇದೇ ನಾಂದಿ. ಮುಂದೆ ಶುದ್ಧ ಯೀಸ್ಟು, ತಂಪುನೀರಿನ ಸುರುಳಿ, ಉಷ್ಣಮಾಪಕ ಎಲ್ಲವೂ ಬಂದವು. ಸಾವಿರಾರು ಲೀಟರಿನ ತೊಟ್ಟಿಗಳು ಸಾಧ್ಯವಾದವು. ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಮದ್ಯಸಾರ, ಅದಕ್ಕೆ ನೀರು ಬೆರೆಸಿದರೆ ಸಾರಾಯಿ.

ಪ್ರಕೃತಿಯ ತೊಡಕನ್ನು ವಿಜ್ಞಾನ ಹೀಗೆ ಬಿಡಿಸಿತು. ಇನ್ನೊಂದು ತೊಡಕನ್ನು ಬಿಡಿಸಲಿಲ್ಲ. ಅದು ಅಪರಿಚಿತರ ತೊಡಕು. ಬೆಂಗಳೂರಿನ 1981ರ ಜುಲೈ ತಿಂಗಳು ಹಿರಿಯ ಓದುಗರಿಗೆ ನೆನಪಿರಬಹುದು. ಆಗ ನಾವು ತೊಟ್ಟಿಲಲ್ಲಿದ್ದೆವು. ತಂದೆಯವರು ಹೇಳಿದ್ದನ್ನೇ ಹೇಳುತ್ತೇವೆ. ಅಗ್ಗದ ಸಾರಾಯಿಗೆ ಮಿಥೈಲ್ ಆಲ್ಕೋಹಾಲ್ ಬೆರೆತು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಯುಗಾದಿಗೆ ನಮ್ಮ ಮನೆಗೆ ಸುಣ್ಣ ಬಳಿದು ಹೋಗಿದ್ದ ಕೆಲಸಗಾರನೂ ಅವರಲ್ಲಿ ಒಬ್ಬ. ಕೂಲಿಯ ಬಾಕಿ ಎಂಟು ರೂಪಾಯಿ ತಂದೆಯವರಲ್ಲೇ ಉಳಿದಿತ್ತು. ಅದನ್ನು ಅವನ ಹೆಂಡತಿಗೆ ಕೊಡಲು ಹೋದಾಗ ಆಕೆ ಹೇಳಿದಳಂತೆ: "ಸ್ವಾಮಿ, ಬೆಳಿಗ್ಗೆ ಎದ್ದು ದೀಪ ಹಚ್ಚು, ಕತ್ತಲೆ ಅಂದ್ರು. ಹೊರಗೆ ಬಿಸಿಲು ಬಂದಿತ್ತು."

ಇಲ್ಲಿ ಬಿ.ಎಸ್ಸಿ.ಯ ಮಾತೊಂದನ್ನು ಹೇಳಲೇಬೇಕು. ಬೆಲ್ಲವೋ ಅಕ್ಕಿಯೋ ಹುದುಗಿದಾಗ ಹುಟ್ಟುವುದು ಈಥೈಲ್ ಆಲ್ಕೋಹಾಲ್. ಮಿಥೈಲ್ ಬಹಳ ಅತ್ಯಲ್ಪ. ಇಂಥ ಸಾಮೂಹಿಕ ಸಾವುಗಳಿಗೆ ಕಾರಣ ಸಾಮಾನ್ಯವಾಗಿ ಮಡಕೆಯಲ್ಲ. ಕಾರ್ಖಾನೆಗಳಿಗೆಂದು ತಯಾರಾದ ಮಿಥೈಲನ್ನು ಯಾರೋ ಲಾಭಕ್ಕಾಗಿ ಬೆರೆಸುವುದು. ವಾಸನೆಯಲ್ಲಿ ರುಚಿಯಲ್ಲಿ ಅದು ತಿಳಿಯುವುದಿಲ್ಲ. ದೇಹದೊಳಗೆ ಅದು ಫಾರ್ಮಿಕ್ ಆಮ್ಲವಾಗಿ ಮೊದಲು ಕಣ್ಣಿನ ನರವನ್ನು, ಆಮೇಲೆ ಪ್ರಾಣವನ್ನು ತೆಗೆಯುತ್ತದೆ. ಬೆರೆಸಿದವನು ಕುಡಿದವನ ಮುಖವನ್ನು ಎಂದೂ ನೋಡಿರುವುದಿಲ್ಲ. ತನ್ನ ಮನೆಯ ಮಡಕೆಗೆ ಯಾರಾದರೂ ಅದನ್ನು ಹಾಕುತ್ತಿದ್ದರೇ?

ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿಯನ್ನೇ ನಿಲ್ಲಿಸಿದರು. ಹೆಂಗಸರು ಹರಸಿದರು. ಆದರೆ ಮರುವರ್ಷ, 2008ರ ಮೇ ತಿಂಗಳಿನಲ್ಲಿ, ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಕೃಷ್ಣಗಿರಿಯ ಕಡೆ ಕಳ್ಳ ಸಾರಾಯಿಗೆ ಮತ್ತೆ ನೂರೈವತ್ತಕ್ಕೂ ಹೆಚ್ಚು ಮಂದಿ ಬಲಿಯಾದರು. ಎರಡು ಸಲವೂ ಸತ್ತವರು ಹೆಚ್ಚಾಗಿ ಕೂಲಿಯವರೇ. ಕೌಟಿಲ್ಯನ ಆ ವಾಕ್ಯ ಎರಡು ಸಾವಿರ ವರ್ಷವಾದರೂ ಹಳತಾಗಿಲ್ಲ. ಕೊಪ್ಪರಿಗೆ ಕೆಟ್ಟಾಗ ಅದು ಹರಿಯುವುದು ನಮ್ಮ ಮನೆಯ ಪಂಕ್ತಿಗಲ್ಲ, ಹೆಸರು ತಿಳಿಯದವನ ಎಲೆಗೆ.

ಇಷ್ಟನ್ನೂ ಹುಡುಗನಿಗೆ ಹೇಳಿದೆವು. ಐದನ್ನು ಐವತ್ತು ಮಾಡಿದರೆ ಶಾಖದ ಲೆಕ್ಕ ಬದಲಾಗುತ್ತದೆ. ಮುಚ್ಚಿದ ಕೋಣೆಯಲ್ಲಿ ಇಂಗಾಲದ ಡೈ ಆಕ್ಸೈಡ್ ಕೆಳಗೆ ಕೂತು ಉಸಿರು ಕಟ್ಟಿಸುತ್ತದೆ. ಒಲೆಯ ಪಕ್ಕದಲ್ಲಿ ಮದ್ಯಸಾರದ ಆವಿ ಎಂದರೆ ಬೆಂಕಿ. ಆಮೇಲೆ ಕಾನೂನು ಬೇರೆ. ಇವೆಲ್ಲ ಸರಿ. ಆದರೆ ಎಲ್ಲಕ್ಕಿಂತ ದೊಡ್ಡ ಬದಲಾವಣೆ ಬೇರೆಯದು: ಐದು ಲೀಟರನ್ನು ನೀನು ಕುಡಿಯುತ್ತೀ, ಐವತ್ತು ಲೀಟರನ್ನು ಬೇರೆಯವರು ಕುಡಿಯುತ್ತಾರೆ. ಕೆಟ್ಟದ್ದನ್ನು ಚೆಲ್ಲುವ ಮನಸ್ಸು ಐದಕ್ಕೆ ಇರುತ್ತದೆ, ಐವತ್ತಕ್ಕೆ ಇರುವುದಿಲ್ಲ.

ಹುಡುಗ ತಲೆ ತಗ್ಗಿಸಿ ಕೇಳಿದ. ಆಮೇಲೆ ಮೆಲ್ಲಗೆ, "ನೀವು ಆವತ್ತು ಆ ಹಿಟ್ಟನ್ನು ಚೆಲ್ಲಲಿಲ್ಲವಲ್ಲ ಚಿಕ್ಕಪ್ಪ?" ಎಂದ. ನಮ್ಮಲ್ಲಿ ಉತ್ತರವಿರಲಿಲ್ಲ. ಅಡಿಗೆಮನೆಯಿಂದ ಮನೆಯಾಕೆಯೂ ಏನೂ ಹೇಳಲಿಲ್ಲ. ಮರುದಿನ ಅವನ ಕೋಣೆಗೆ ಹೋದಾಗ ಕ್ಯಾನು ಬರಿದಾಗಿ ಮಾಳಿಗೆಯ ಮೇಲೆ ಬೋರಲು ಬಿದ್ದಿತ್ತು.

ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ಮತ್ತೆ ದೋಸೆಯ ಹೊಣೆ ನಮಗೇ ಬಂತು. ಈ ಸಲ ನೆರೆಹೊರೆಯಿಂದ ಹದಿನಾಲ್ಕು ಪಾತ್ರೆಗಳನ್ನು ಕಡ ತಂದು ಹಿಟ್ಟನ್ನು ಹಂಚಿಟ್ಟೆವು. ದಿಲ್ಲಿಯ ಚಳಿ ಆಗಲೇ ಹಣಕಿತ್ತು. ಮಾಲೀಕರು ತಮ್ಮ ಹಳೆಯ ರಜಾಯಿಗಳನ್ನು ಕೊಟ್ಟು, "ತಿಪ್ಪೆ ಇಲ್ಲದಿದ್ದರೆ ಇದು" ಎಂದು ನಕ್ಕರು. ಹಿಟ್ಟು ಚೆನ್ನಾಗಿ ಬಂತು. ಮೊದಲ ಪಂಕ್ತಿಯಲ್ಲಿ ಶಾಮಿಯಾನದವರು ಕುಳಿತರು. ಬಡಿಸಿದವನು ನಮ್ಮ ಹುಡುಗ.